ಓದುಗರು ಸಿಕ್ಕಿದ್ರು, ಎಡಿಟರ್ ಎಲ್ಲಿ?

ಕೊಪ್ಪದ ಭಂಡಿಗಡಿಯಂಥ ಊರಲ್ಲಿ ಕೂತು ನೀವು ಕಥೆ ಬರೀತೀರಿ ಅಂದ್ಕೊಳ್ಳಿ. ಮೊದಲಾಗಿದ್ರೆ ಹಾಳೆಗಳನ್ನ ಕವರಿಗೆ ಹಾಕಿ, ಪತ್ರಿಕೆಗೆ ಪೋಸ್ಟ್ ಮಾಡಿ, ಉತ್ತರಕ್ಕೆ ಕಾಯಬೇಕಿತ್ತು. ಈಗ ಸಿಗ್ನಲ್ ಸಿಕ್ಕರೆ ಸಾಕು. 2014ರಲ್ಲಿ ಬೆಂಗಳೂರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಥೆ ಹಾಕಿದ್ರೆ ಓದುಗರು ಸ್ಟಾರ್ ಕೊಡ್ತಾರೆ, 'ಮುಂದಿನ ಭಾಗ ಯಾವಾಗ?' ಅಂತ ಕೇಳ್ತಾರೆ.

ಇಲ್ಲಿ ಸುಲಭಕ್ಕೆ ಸಿಗದೇ ಇರೋದು ಒಬ್ಬರೇ: ಪ್ರಕಟವಾಗೋ ಮುಂಚೆ ಓದುವ ಎಡಿಟರ್.

ಎಡಿಟರ್ ಅಂದ್ರೆ ಬರೀ ಕಾಗುಣಿತ ತಿದ್ದೋರಲ್ಲ. ಪಿ. ಲಂಕೇಶ್ 1980ರಲ್ಲಿ ಶುರುಮಾಡಿದ 'ಲಂಕೇಶ್ ಪತ್ರಿಕೆ'ಯನ್ನೇ ನೋಡಿ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದಿದ್ದು ಅಲ್ಲೇ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಗೆದ್ದ ಬಾನು ಮುಷ್ತಾಕ್ ಕೂಡ ಆ ಪತ್ರಿಕೆಗೆ ವರದಿ ಮಾಡ್ತಿದ್ದವರು. ಯಾರು ಬರೆಯಬಲ್ಲರು ಅಂತ ಗುರುತಿಸಿ ಬರೆಸೋದೂ ಎಡಿಟರ್ ಕೆಲಸವೇ.

'ಸೂಪರ್' ಅಂತ ಕಾಮೆಂಟ್ ಹಾಕೋರು ನಿಮ್ಮ ಮೂರನೇ ಪುಟ ಬೇಡವಾಗಿತ್ತು ಅಂತ ಹೇಳಲ್ಲ. ದಿನಕ್ಕೊಂದು ಭಾಗ ಹಾಕೋ ಅವಸರದಲ್ಲಿ, ಓದುಗರು ಕೇಳಿದ ಕಡೆಗೇ ಕಥೆ ತಿರುಗಿಬಿಡಬಹುದು.

ಹಾಗಾಗಿ ಬರೆಯೋರೇ ಒಬ್ಬರಿಗೊಬ್ಬರು ಎಡಿಟರ್ ಆಗಬೇಕು. ಮೂರ್ನಾಲ್ಕು ಜನರ ವಾಟ್ಸ್‌ಆ್ಯಪ್ ಗ್ರೂಪ್ ಸಾಕು. ಪ್ರಕಟಿಸೋ ಮುಂಚೆ ಅಲ್ಲಿ ಕಳಿಸಿ. 'ಹೇಗಿದೆ?' ಅಂತ ಕೇಳಬೇಡಿ, 'ಎಲ್ಲಿ ಬೋರಾಯ್ತು? ಯಾವ ಮಾತು ನಂಬೋಕಾಗ್ಲಿಲ್ಲ?' ಅಂತ ಕೇಳಿ. ಅವರ ಕಥೆಯನ್ನೂ ಅಷ್ಟೇ ನಿಷ್ಠುರವಾಗಿ ಓದಿ. ಮೊದಮೊದಲು ಬೇಜಾರಾಗುತ್ತೆ. ಆದ್ರೆ ಕಥೆ ಗಟ್ಟಿಯಾಗೋದು ಹಾಗೇ.