ಚೌಕದ ಚಿತ್ರಕ್ಕೆ ಬಣ್ಣ ಮತ್ತು ನೆರಳು ಹಾಕುವುದು ಹೇಗೆ?



ಹಳೇ ವಿಡಿಯೋ ಆಟಗಳಲ್ಲಿ ಗೊಂಬೆಗಳು ಸಣ್ಣ ಸಣ್ಣ ಚೌಕ ಜೋಡಿಸಿದ ಹಾಗೆ ಕಾಣುತ್ತವೆ. ಆ ಒಂದೊಂದು ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಇಂಥ ಚಿತ್ರ ತೆಗೆಯಲು ಕಂಪ್ಯೂಟರೇ ಬೇಕಂತಿಲ್ಲ. ಲೆಕ್ಕದ ಚೌಕದ ಹಾಳೆ ಮತ್ತು ನಾಲ್ಕು ಬಣ್ಣದ ಪೆನ್ಸಿಲ್ ಇದ್ದರೆ ಸಾಕು.

ನಮ್ಮ ಕಡೆ ಇದು ಹೊಸದೂ ಅಲ್ಲ. ಇಳಕಲ್ ಸೀರೆ ಮ್ಯಾಲೆ ಹಾಕುವ ಕಸೂತಿ ಎಣಿಕೆಯ ಚಿತ್ರವೇ. ಕಸೂತಿ ಹಾಕುವವರು ಬಟ್ಟೆ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗಾವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ಅದರಲ್ಲಿ ನಾಲ್ಕು ಹೊಲಿಗೆ ಇವೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಎಣಿಕೆಯಿಂದಲೇ ಮೂಡುತ್ತವೆ. ನಮ್ಮ ಆಯಿಗೆ ಬಣ್ಣದ ಬಗ್ಗೆ ಕೇಳಿದರೆ, "ಮೊದಲ ಎಳಿ ಎಣಿಸವ್ವಾ, ಬಣ್ಣ ಆಮ್ಯಾಲ" ಅಂತಾಳ. ನಾನು ಆಯಿಯಿಂದ ಮತ್ತು ಚಿತ್ರ ತೆಗೆದು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಣ್ಣ ಕಡಿಮೆ ಇರಲಿ

ಸಣ್ಣ ಚಿತ್ರದಲ್ಲಿ ಬಣ್ಣ ಹೆಚ್ಚಾದಷ್ಟೂ ಗೊಂದಲ. ಜಪಾನಿನ ಶಿಗೆರು ಮಿಯಾಮೋಟೊ ಎಂಬುವರು 1981ರಲ್ಲಿ ಒಂದು ಆಟಕ್ಕೆ ಮಾರಿಯೋ ಎಂಬ ಗೊಂಬೆ ಮಾಡಿದರು. ಚೌಕಗಳೂ ಕಡಿಮೆ, ಬಣ್ಣಗಳೂ ಕಡಿಮೆ. ಅಷ್ಟರಲ್ಲಿ ಕೂದಲು ಬರೆಯುವುದು ಕಷ್ಟವೆಂದು ತಲೆಗೆ ಟೊಪಗಿ ಹಾಕಿದರು. ಮೂಗು ಎದ್ದು ಕಾಣಲೆಂದು ಮೀಸೆ ಬರೆದರು. ಕೈ ಬೀಸುವುದು ಗೊತ್ತಾಗಲೆಂದು ಅಂಗಿಗೆ ಒಂದು ಬಣ್ಣ, ಮೇಲುಡುಪಿಗೆ ಬೇರೆ ಬಣ್ಣ ಕೊಟ್ಟರು. ಅಂದರೆ ಪ್ರತಿ ಬಣ್ಣಕ್ಕೂ ಒಂದು ಕೆಲಸ ಇರಬೇಕು. ಕೆಲಸವಿಲ್ಲದ ಬಣ್ಣ ಬೇಡ.

2. ತಿಳಿ ಯಾವುದು, ಗಾಢ ಯಾವುದು?

ಬಣ್ಣ ಬೇರೆ ಬೇರೆ ಇದ್ದರೆ ಸಾಲದು, ಒಂದು ತಿಳಿ ಒಂದು ಗಾಢ ಇರಬೇಕು. ಗಾಢ ಕೆಂಪಿನ ಪಕ್ಕ ಗಾಢ ಹಸಿರು ಹಚ್ಚಿ ಜೆರಾಕ್ಸ್ ಮಾಡಿಸಿ ನೋಡಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬೂದಿ ಬಣ್ಣ! ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರು ಬೇರೆ ಎಂದು ಸರಿಯಾಗಿ ಗೊತ್ತಾಗುವುದಿಲ್ಲ. ಅವರಿಗೂ ನಮ್ಮ ಚಿತ್ರ ಕಾಣಬೇಕಲ್ಲ? ಇಳಕಲ್ ಸೀರೆಯ ಟೋಪಿತೆನಿ ಸೆರಗು ನೋಡಿರಿ. ಕೆಂಪಿನ ಮೇಲೆ ಬಿಳಿ ಇರುವುದರಿಂದ ಓಣಿಯ ಆ ತುದಿಯಿಂದಲೂ ಕಾಣ್ತದ. ಜೆರಾಕ್ಸ್ ಇಲ್ಲದಿದ್ದರೆ ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಬೇಕು. ಆಗ ಚಿತ್ರದ ಆಕಾರ ಗೊತ್ತಾದರೆ ಬಣ್ಣ ಸರಿ ಇದೆ ಎಂದರ್ಥ.

3. ನೆರಳು

ನಮ್ಮದು ಗದಾಯುದ್ಧ ಬರೆದ ರನ್ನನ ಊರು. ಅದಕ್ಕೆ ಉದಾಹರಣೆಗೆ ಗದೆಯನ್ನೇ ತೆಗೆದುಕೊಂಡಿದ್ದೇನೆ. ಉದ್ದ 16, ಅಗಲ 16 ಚೌಕದ ಜಾಗ ಗುರುತು ಮಾಡಿರಿ. ಗದೆಯ ತಲೆಗೆ ಮೇಲಿನಿಂದ ಸಾಲಾಗಿ 4, 6, 8, 8, 8, 8, 6, 4 ಚೌಕ. ಒಟ್ಟು 52. ಅದರ ಕೆಳಗೆ 2 ಚೌಕ ಅಗಲ, 7 ಚೌಕ ಉದ್ದದ ಹಿಡಿಕೆ. ತುದಿಗೆ 4 ಚೌಕ.

ಮೊದಲು ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತು ಮಾಡಿಕೊಳ್ಳಬೇಕು. ಎಡಗಡೆ ಮೇಲಿನಿಂದ ಎಂದು ಇಟ್ಟುಕೊಳ್ಳೋಣ. ತಲೆಯ ಎಡ ಮೇಲ್ಭಾಗದ 6 ಚೌಕಕ್ಕೆ ತಿಳಿ ಹಳದಿ. ನಡುವಿನ 24ಕ್ಕೆ ಅರಿಸಿನ ಹಳದಿ. ಅದರಾಚೆ 14ಕ್ಕೆ ಇಟ್ಟಂಗಿ ಬಣ್ಣ. ಬಲಗಡೆ ಕೆಳ ಅಂಚಿನ 8ಕ್ಕೆ ಗಾಢ ಕಂದು, ಬಿದಿಗೆ ಚಂದ್ರನ ಆಕಾರದಲ್ಲಿ. ಗದೆ ಗುಂಡಗೆ ಉಬ್ಬಿದ ಹಾಗೆ ಕಾಣುತ್ತದೆ. ಹಾಗಲ್ಲದೆ ಸುತ್ತಲೂ ಗಾಢ ಹಚ್ಚಿ ನಡುವೆ ತಿಳಿ ಬಿಟ್ಟರೆ ಗದೆ ಹೋಗಿ ತಲೆದಿಂಬು ಆಗ್ತದ!

ನೆರಳಿಗೆ ಬರೀ ಕಪ್ಪು ತಿಕ್ಕಬಾರದು. ಹಳದಿ ಮೇಲೆ ಕಪ್ಪು ತಿಕ್ಕಿದರೆ ಹೊಲಸು ಹಸಿರು ಆಗುತ್ತದೆ. ಅದಕ್ಕೆ ಹಳದಿಯ ನೆರಳಿಗೆ ಇಟ್ಟಂಗಿ ಬಣ್ಣ, ಕಂದು ಬಣ್ಣ ಒಳ್ಳೆಯದು. ಬಿಳಿ ವಸ್ತುವಿನ ನೆರಳಿಗೆ ತಿಳಿ ನೀಲಿ ಹಚ್ಚಬಹುದು. ಯಾಕೆಂದರೆ ಬಯಲಿನಲ್ಲಿ ನೆರಳಿನ ಜಾಗಕ್ಕೆ ಸೂರ್ಯನ ನೇರ ಬಿಸಿಲು ಬೀಳುವುದಿಲ್ಲ, ನೀಲಿ ಆಕಾಶದ ಬೆಳಕು ಬೀಳುತ್ತದೆ. ಸುಣ್ಣ ಹಚ್ಚಿದ ಗೋಡೆಯ ನೆರಳನ್ನು ಬಿಸಿಲಿದ್ದಾಗ ನೀವೇ ನೋಡಿರಿ.

4. ಎರಡು ಬಣ್ಣದಿಂದ ಮೂರನೆಯದು

ಹಳದಿ ಒಂದು ಚೌಕ, ಕೆಂಪು ಒಂದು ಚೌಕ, ಹೀಗೆ ಚದುರಂಗದ ಹಾಸಿನಂತೆ ಹಚ್ಚಿದರೆ ದೂರದಿಂದ ಕಿತ್ತಳೆ ಬಣ್ಣ ಕಾಣುತ್ತದೆ. ನೇಕಾರರಿಗೆ ಇದು ಗೊತ್ತೇ ಇದೆ. ಹಾಸಿಗೆ ಒಂದು ಬಣ್ಣದ ನೂಲು, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿದರೆ ಬಟ್ಟೆಗೆ ಮೂರನೇ ಬಣ್ಣ ಬರುತ್ತದೆ. ನಮ್ಮ ಹತ್ತಿರದ ರಬಕವಿ ಬನಹಟ್ಟಿ ನೇಕಾರರ ಊರೇ ಅಲ್ಲವೇ? ಟಿವಿ, ಮೊಬೈಲಿನ ಪರದೆಯೂ ಹೀಗೇ. ಕೆಂಪು, ಹಸಿರು, ನೀಲಿ ಈ ಮೂರೇ ಬೆಳಕಿನ ಚುಕ್ಕೆಗಳಿಂದ ಎಲ್ಲಾ ಬಣ್ಣ ಮಾಡಿ ತೋರಿಸುತ್ತದೆ.

ಕೊನೆಗೆ ಒಂದು ಮಾತು. ಈಗ ನಮ್ಮ ಆಯಿಯ ಕಣ್ಣು ಮಂಜಾಗ್ಯಾವು. ಕರಿ ಚಂದ್ರಕಾಳಿ ಸೀರೆ ಮ್ಯಾಲೆ ಎಳೆ ಎಣಿಸಲು ಆಕೆಗೆ ಆಗುವುದಿಲ್ಲ. ಆಕೆಯ ಚಿತ್ರಗಳು ಯಾವ ವಹಿಯಲ್ಲೂ ಇಲ್ಲ, ನೆನಪಿನಲ್ಲಿ ಮಾತ್ರ ಇವೆ. ಆಯಿ ಎಣಿಕೆ ಹೇಳುತ್ತಾಳೆ, ನಾನು ಚೌಕದ ಹಾಳೆಯಲ್ಲಿ ಇಳಿಸುತ್ತೇನೆ. ಗಾವಂತಿ, ಮುರ್ಗಿ ಗೆರೆಯ ಮೇಲೆ ಬರುತ್ತವೆ, ಮೆಂತೆ ಚೌಕದ ಒಳಗೆ ಬರುತ್ತದೆ. ಇಲ್ಲಿವರೆಗೆ ಐದು ಚಿತ್ರ ಆಗಿವೆ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೇ ಕಸೂತಿ ಸೀರೆ ಇದ್ದರೆ ಒಂದು ಚಿತ್ರ ಎಣಿಸಿ ಹಾಳೆಯಲ್ಲಿ ಬರೆದು ತರ್ರಿ. ಬಣ್ಣ ಯಾವುದೆಂದು ಪಕ್ಕದಲ್ಲಿ ಬರೆಯಲು ಮರೆಯಬೇಡಿ. ಎಲ್ಲವನ್ನೂ ಮುಂದಿನ ಗೋಡೆ ಪತ್ರಿಕೆಯಲ್ಲಿ ಅಂಟಿಸೋಣ.

— 7ನೇ ತರಗತಿ ವಿದ್ಯಾರ್ಥಿನಿ, ರನ್ನ ಬೆಳಗಲಿ