ಒಂದೇ ಇಂಜಿನ್, ಹಿಂದೆ ಉದ್ದದ ಗಾಳ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ವ್ಯಾಪಾರ, ಹೋಟೆಲ್ ಅಂತ ಬಂದು ನೆಲೆ ನಿಂತ ನಮ್ಮವರ ಮನೆಗಳಲ್ಲಿ ಸಮುದ್ರ ಇರುವುದು ತಟ್ಟೆಯಲ್ಲಿ ಮಾತ್ರ. ಐಸ್ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬಂದ ಅಂಜಲ್‌ಗೆ ಇಲ್ಲಿಯದೇ ಬ್ಯಾಡಗಿ ಮೆಣಸು ಅರೆದು ಹಚ್ಚಿ ಕಾಯಿಸಿದರೆ ಮುಗೀತು. ಹುಡುಗರಿಗೆ ಅಷ್ಟು ಸಾಕಾಗುವುದಿಲ್ಲ. ರಜೆಗೆ ಊರಿಗೆ ಹೋದರೆ ಅವರಿಗೆ ಕಡಲಿಗೇ ಇಳಿಯಬೇಕು. ನಮ್ಮ ಕುಟುಂಬದಲ್ಲೇ ನಾಲ್ಕು ಮಂದಿ ಸೇರಿ ಉಳ್ಳಾಲದ ಕಡೆ ಒಂದು ಫೈಬರ್ ದೋಣಿ ಮಾಡಿಕೊಂಡಿದ್ದಾರೆ. ದೋಣಿಗೆ ಒಂದೇ ಇಂಜಿನ್. ಎರಡನೆಯದು ಬೇಕೋ ಬೇಡವೋ ಅಂತ ಈಗ ಮನೆಯಲ್ಲಿ ಚರ್ಚೆ.

"ಉಸ್ತಾದರೇ, ಇದ್ದ ಇಂಜಿನ್ನನ್ನೇ ನಿಧಾನ ಮಾಡಿ ಗಾಳ ಎಳೆದರೆ ಆಗಲ್ವಾ? ಇನ್ನೊಂದಕ್ಕೆ ದುಡ್ಡು ಯಾಕೆ ಸುರಿಯೋದು?" ಅಂತ ಅವರಲ್ಲೊಬ್ಬ ನನ್ನನ್ನು ಕೇಳಿದ. ನನ್ನ ಮಾವ ದೋಣಿ ಇಂಜಿನ್ ರಿಪೇರಿ ಮಾಡುತ್ತಿದ್ದವರು. ಚಿಕ್ಕಂದಿನ ರಜೆಗಳಲ್ಲಿ ನಾನು ಅವರ ಶೆಡ್ಡಿನಲ್ಲೇ ಬಿದ್ದಿರುತ್ತಿದ್ದೆ. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬಂತು.

ಮೊದಲು ಒಂದು ಹೆಸರಿನ ಗೊಂದಲ ಬಿಡಿಸಬೇಕು. ನಮ್ಮ ಪತ್ರಿಕೆಗಳಲ್ಲಿ ಟ್ರಾಲಿಂಗ್ ಅಂದರೆ ದೊಡ್ಡ ಬೋಟುಗಳು ಚೀಲದಂಥ ಬಲೆಯನ್ನು ಕಡಲಿನಲ್ಲಿ ಎಳೆಯುವುದು. ಕೇರಳದವರು ಮಳೆಗಾಲದ ನಿಷೇಧಕ್ಕೂ 'ಟ್ರೋಲಿಂಗ್ ನಿರೋಧನ' ಅಂತಲೇ ಕರೆಯುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ದೋಣಿ ಮೆಲ್ಲಗೆ ಹೋಗುತ್ತಿರಬೇಕು, ಹಿಂದೆ ಉದ್ದಕ್ಕೆ ಬಿಟ್ಟ ದಾರದ ತುದಿಯಲ್ಲಿ ಬೂತಾಯಿಯೋ ಬಂಗುಡೆಯೋ ಸಿಕ್ಕಿಸಿದ ಗಾಳ ಜೀವಂತ ಮೀನಿನ ಹಾಗೆ ಈಜುತ್ತಾ ಬರಬೇಕು. ಅಂಜಲ್ ಬಂದು ಕಚ್ಚುವುದು ಅದಕ್ಕೆ. ಅದರ ಹಲ್ಲು ಬ್ಲೇಡಿನಂತೆ, ಹಾಗಾಗಿ ಗಾಳದ ಹತ್ತಿರ ಉಕ್ಕಿನ ತಂತಿ ಬೇಕು, ಬರೀ ನೈಲಾನ್ ಉಳಿಯುವುದಿಲ್ಲ.

ಈಗ ವೇಗದ ಲೆಕ್ಕ. ಪ್ಲಾಸ್ಟಿಕ್ಕಿನ ಸುಳ್ಳು ಮೀನು ಕಟ್ಟಿದರೆ 4ರಿಂದ 6 ನಾಟ್ ಓಡಿದರೂ ನಡೆಯುತ್ತದೆ. ನಿಜವಾದ ಮೀನು ಸಿಕ್ಕಿಸಿದರೆ ಒಂದೂವರೆಯಿಂದ 3 ನಾಟ್ ಒಳಗೇ ಇರಬೇಕು, ಇಲ್ಲದಿದ್ದರೆ ಅದು ನೀರಿನಲ್ಲಿ ಗಿರಗಿರ ತಿರುಗಿ ಹರಿದುಹೋಗುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಒಂದೂವರೆ ನಾಟ್ ಅಂದರೆ ಅಜ್ಜಿ ಮೊಮ್ಮಗನ ಕೈ ಹಿಡಿದು ಅಂಗಡಿಗೆ ಹೋಗುವ ವೇಗ ಅನ್ನಿ.

ಸಮಸ್ಯೆ ಇಲ್ಲಿಯೇ. ಇಂಜಿನ್ 800 ಸುತ್ತಿನಲ್ಲಿ ಐಡಲ್ ಓಡುತ್ತಿದೆ, ಗೇರಿನ ಅನುಪಾತ 2ಕ್ಕೆ 1 ಅಂತ ಇಟ್ಟುಕೊಳ್ಳಿ. ಫ್ಯಾನು ನಿಮಿಷಕ್ಕೆ 400 ಸುತ್ತು ತಿರುಗುತ್ತದೆ. 13 ಇಂಚು ಪಿಚ್ಚಿನ ಫ್ಯಾನಾದರೆ ಸುತ್ತಿಗೆ ಸುಮಾರು 33 ಸೆಂಟಿಮೀಟರ್ ಮುಂದೆ ತಳ್ಳಬೇಕು. ಲೆಕ್ಕದ ಪ್ರಕಾರ ಗಂಟೆಗೆ ಸುಮಾರು 8 ಕಿ.ಮೀ. ನೀರಿನಲ್ಲಿ ಜಾರುವುದನ್ನು ಕಳೆದರೂ 5 ಕಿ.ಮೀ. ಆಸುಪಾಸು ಉಳಿಯುತ್ತದೆ. ಅಂದರೆ ಎರಡೂವರೆ ನಾಟಿಗಿಂತ ಮೇಲೆ. ಆಕ್ಸಿಲರೇಟರ್ ಮುಟ್ಟದೇ ಇಷ್ಟು! ಗಾಳಿ ಹಿಂದಿನಿಂದ ಬೀಸಿದರೆ ಇನ್ನೂ ಹೆಚ್ಚು. ಇಂಜಿನ್ ದೊಡ್ಡದಾದಷ್ಟೂ ಅದನ್ನು ನಿಧಾನ ಮಾಡುವುದು ಕಷ್ಟ.

ಹುಡುಗರು ಕಂಡುಕೊಂಡಿರುವ ದಾರಿ ಗೇರು ಹಾಕಿ, ತೆಗೆದು, ಮತ್ತೆ ಹಾಕಿ ಹೋಗುವುದು. ಸ್ವಲ್ಪ ಹೊತ್ತಿಗೆ ಸರಿ. ಆದರೆ ಔಟ್‌ಬೋರ್ಡಿನ ಗೇರು ಹಲ್ಲಿಗೆ ಹಲ್ಲು ಕಚ್ಚುವ ಜಾತಿಯದು. ಹೆದರಿ ಹೆದರಿ ಮೆಲ್ಲಗೆ ಹಾಕಿದರೆ ಕಟಕಟ ಅಂತ ಹಲ್ಲು ಸವೆಯುತ್ತದೆ. ಐಡಲಿನಲ್ಲಿಟ್ಟು, ಒಂದೇ ಸಲಕ್ಕೆ ಗಟ್ಟಿಯಾಗಿ ಹಾಕಬೇಕು. ಇದಕ್ಕಿಂತ ಅಗ್ಗದ ಉಪಾಯ ಬಕೆಟ್. ತಳದಲ್ಲಿ ತೂತು ಮಾಡಿದ ಗಟ್ಟಿ ಬಕೆಟ್ಟನ್ನೋ, ಕ್ಯಾನ್ವಾಸಿನ ಚೀಲವನ್ನೋ ಎರಡೂ ಪಕ್ಕದಿಂದ ಹಗ್ಗದಲ್ಲಿ ಎಳೆಸಿದರೆ ದೋಣಿಗೆ ಬ್ರೇಕ್ ಹಾಕಿದ ಹಾಗೆ. ಹಗ್ಗ ಫ್ಯಾನಿಗೆ ಮುಟ್ಟದಷ್ಟು ಚಿಕ್ಕದಿರಬೇಕು. ಮೀನು ಕಚ್ಚಿದ ಸಂಭ್ರಮದಲ್ಲಿ ಎಲ್ಲರೂ ಮೊದಲು ಮರೆಯುವುದು ಆ ಹಗ್ಗವನ್ನೇ.

ವೇಗ ಹೇಗೋ ಹೊಂದಿಸಬಹುದು. ಇಂಜಿನ್ನಿನ ಹೊಟ್ಟೆಯೊಳಗೆ ಆಗುವುದು ಕಣ್ಣಿಗೆ ಕಾಣುವುದಿಲ್ಲ.

ಹಳೆಯ ಟೂ ಸ್ಟ್ರೋಕ್ ಇಂಜಿನ್‌ಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಉರಿಸುವುದು. ಗಂಟೆಗಟ್ಟಲೆ ಐಡಲಿನಲ್ಲಿ ಓಡಿದರೆ ಒಳಗೆ ಸಾಕಷ್ಟು ಬಿಸಿ ಇರುವುದಿಲ್ಲ, ಎಣ್ಣೆ ಪೂರ್ತಿ ಉರಿಯುವುದಿಲ್ಲ. ಪ್ಲಗ್ಗಿನ ತುದಿ ಕಪ್ಪಗೆ ಒದ್ದೆಯಾಗುತ್ತದೆ, ಕಿಡಿ ಸಾಯುತ್ತದೆ. ನಮ್ಮ ಕರಾವಳಿಯ ನಾಡದೋಣಿಗಳು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ. ಸೀಮೆಎಣ್ಣೆ ತಣ್ಣಗಿನ ಇಂಜಿನ್ನಿನಲ್ಲಿ ಇನ್ನೂ ಕೆಟ್ಟದಾಗಿ ಉರಿಯುತ್ತದೆ. ಹವ್ಯಾಸಕ್ಕೆ ಹೋಗುವವರು ಆ ಆಸೆಗೆ ಬೀಳದಿರುವುದು ಒಳ್ಳೆಯದು. ಸಬ್ಸಿಡಿ ಸೀಮೆಎಣ್ಣೆ ಪರ್ಮಿಟ್ ಇರುವ ಮೀನುಗಾರರ ಹಕ್ಕು, ತಮಾಷೆಗೆ ಗಾಳ ಹಾಕುವವರದಲ್ಲ. ಇನ್ನೊಂದು ಮಾತು: ಬೈಕಿನ 2ಟಿ ಆಯಿಲ್ ಹಾಕಬೇಡಿ. ಔಟ್‌ಬೋರ್ಡಿಗೆ ಬೂದಿ ಉಳಿಸದ 'ಟಿಸಿ-ಡಬ್ಲ್ಯು3' ಎಣ್ಣೆಯೇ ಬೇಕು.

ಫೋರ್ ಸ್ಟ್ರೋಕ್‌ನಲ್ಲಿ ಪ್ಲಗ್ಗಿನ ಕಾಟ ಕಡಿಮೆ. ಅಲ್ಲಿ ತೊಂದರೆ ಬೇರೆ. ತಣ್ಣಗೇ ಓಡುವ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಪಿಸ್ಟನ್ ರಿಂಗಿನ ಪಕ್ಕದಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಕಡ್ಡಿ ತೆಗೆದು ನೋಡಿದರೆ ಆಯಿಲು ಕಡಿಮೆಯಾಗುವ ಬದಲು ಹೆಚ್ಚಾಗಿರುತ್ತದೆ, ಮೂಸಿದರೆ ಪೆಟ್ರೋಲು ವಾಸನೆ. ಹೊಸದಾಗಿ ಕೊಂಡವರು ಇದನ್ನು ನೋಡಿ "ಆಯಿಲ್ ತಿನ್ನದ ಇಂಜಿನ್" ಅಂತ ಖುಷಿಪಡುವುದುಂಟು! ಹಾಗೆ ಕಂಡರೆ ತಡಮಾಡದೆ ಆಯಿಲ್ ಬದಲಿಸಿ.

ಎರಡಕ್ಕೂ ಮದ್ದು ಒಂದೇ. ಅರ್ಧ ಗಂಟೆಗೊಮ್ಮೆ ದಾರ ಸುತ್ತಿ, ಬಕೆಟ್ ಮೇಲೆತ್ತಿ, ಕೆಲವು ನಿಮಿಷ ಇಂಜಿನ್ನನ್ನು ಜೋರಾಗಿ ಓಡಿಸಿ. ಒಳಗಿನ ಮಸಿ ಸುಟ್ಟುಹೋಗುತ್ತದೆ. ಇಂಜಿನ್ ಪಕ್ಕದಿಂದ ಪಿಚಕಾರಿಯಂತೆ ಬರುವ ನೀರಿನ ಮೇಲೆ ಕಣ್ಣಿರಲಿ. ನಿಂತರೆ ತಕ್ಷಣ ಆಫ್ ಮಾಡಬೇಕು. ನಿಧಾನದಲ್ಲಿ ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗುವುದಿಲ್ಲ, ಲೈಟು, ಫಿಶ್ ಫೈಂಡರ್ ಎಲ್ಲ ಅದನ್ನೇ ತಿನ್ನುತ್ತಿರುತ್ತವೆ. ಎರಡು ಹೊಸ ಪ್ಲಗ್ಗು, ಪ್ಲಗ್ ಪಾನಾ, ಎಳೆದು ಸ್ಟಾರ್ಟ್ ಮಾಡುವ ಹಗ್ಗ ಒಂದು ಡಬ್ಬಿಯಲ್ಲಿ ಯಾವಾಗಲೂ ಇರಲಿ.

ಹಾಗಾದರೆ ಒಂದೇ ಇಂಜಿನ್ ಸಾಕಾ? ಹೊಸ ಕಾಲದ ಇಂಜೆಕ್ಷನ್ ಫೋರ್ ಸ್ಟ್ರೋಕ್ ಆದರೆ, ದಡ ಕಾಣುವ ದೂರದಲ್ಲೇ ಇದ್ದರೆ, ಸಾಕು. ಕೆಲವು ಕಂಪನಿಯವರು ಸ್ವಿಚ್ ಒತ್ತಿ 50 ಸುತ್ತಿನ ಲೆಕ್ಕದಲ್ಲಿ ಐಡಲ್ ಏರಿಸಿ ಇಳಿಸುವ ವ್ಯವಸ್ಥೆಯನ್ನೂ ಕೊಟ್ಟಿದ್ದಾರೆ. ಹಳೆಯ ಟೂ ಸ್ಟ್ರೋಕ್ ಕಟ್ಟಿಕೊಂಡು ದಡ ಮರೆಯಾಗುವ ತನಕ ಹೋಗುವವರಿಗೆ ನಾನು ಸಾಕು ಅನ್ನುವುದಿಲ್ಲ. ಮೀನಿಗಾಗಿ ಸುಸ್ತು ಮಾಡಿದ ಇಂಜಿನ್ನೇ ಮನೆಗೆ ಕರೆತರಬೇಕಾದ ಇಂಜಿನ್ನೂ ಆಗಿರುತ್ತದೆ. ಪಕ್ಕದಲ್ಲಿ 5-6 ಅಶ್ವಶಕ್ತಿಯ ಸಣ್ಣದೊಂದು ಇದ್ದರೆ ಗಾಳ ಎಳೆಯುವುದು ಅದರ ಕೆಲಸ, ದೊಡ್ಡದು ಹೋಗಿ ಬರುವುದಕ್ಕೆ. ಸಣ್ಣದಕ್ಕೆ ಬೇರೆಯೇ ಟ್ಯಾಂಕ್ ಇಡಿ. ಒಂದರ ಪೆಟ್ರೋಲಿಗೆ ನೀರು ಸೇರಿದರೂ ಇನ್ನೊಂದು ಓಡುತ್ತದೆ. ನಾಲ್ವರಲ್ಲಿ ಹಂಚಿಕೊಂಡರೆ ಭಾರವೂ ಅಲ್ಲ. ನಮ್ಮ ಮನೆಯ ಚರ್ಚೆಯಲ್ಲಿ ನನ್ನ ವೋಟು ಇದಕ್ಕೇ. ಒಪ್ಪದ ಕಾಕ ಒಬ್ಬರಿದ್ದಾರೆ, ಅವರಿಗೆ ಈ ಪುಟವನ್ನೇ ಕೊಡುವೆ.

ಇನ್ನು ಕಿಲ್ ಸ್ವಿಚ್ಚಿನ ಕೆಂಪು ದಾರ. ನಿಧಾನ ಹೋಗುವಾಗ ಎಲ್ಲರಿಗೂ ಧೈರ್ಯ. ಗೇರು ಹಾಕಿಟ್ಟು, ಚುಕ್ಕಾಣಿ ಬಿಟ್ಟು ಮೀನು ಎಳೆಯಲು ಹೋಗುತ್ತಾರೆ. ಆಗ ಕಾಲು ಜಾರಿ ಬಿದ್ದರೆ? ಎರಡೂವರೆ ನಾಟ್ ಅಂದರೆ ನಿಮಿಷಕ್ಕೆ ಸುಮಾರು 77 ಮೀಟರ್. ಒಬ್ಬನೇ ಹೋಗಿದ್ದರೆ ಅಲೆಯಲ್ಲಿ ಈಜಿ ದೋಣಿ ಹಿಡಿಯುವುದು ಆಗದ ಮಾತು. ದಾರ ಕೈಗೋ ಸೊಂಟಕ್ಕೋ ಸಿಕ್ಕಿಸಿದ್ದರೆ ಇಂಜಿನ್ ಅಲ್ಲೇ ನಿಲ್ಲುತ್ತದೆ. ಲೈಫ್ ಜಾಕೆಟ್ ಸೀಟಿನಡಿ ಅಲ್ಲ, ಮೈಮೇಲೆ ಇರಬೇಕು. ಹಿಂಗಾಳಿಗೆ ಹೊಗೆ ದೋಣಿಯೊಳಗೇ ಸುತ್ತಿ ತಲೆನೋವು, ವಾಂತಿ ಬಂದರೆ ಕಡಲಿನ ಅಮಲು ಅಂತ ಸುಮ್ಮನಿರಬೇಡಿ, ದಿಕ್ಕು ಬದಲಿಸಿ.

ಕಾಲವನ್ನೂ ನೋಡಿಕೊಳ್ಳಿ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರ್ ದೋಣಿಗಳಿಗೂ ಮೀನು ಹಿಡಿಯುವುದು ನಿಷೇಧ. ಆ ತಿಂಗಳ ಕಡಲು ಹವ್ಯಾಸಿಗಳದ್ದಲ್ಲವೇ ಅಲ್ಲ.

ಇಲ್ಲೇ ತುಂಗಭದ್ರೆಯಲ್ಲಿ ಆಗಲ್ವಾ ಅಂತ ರಾಣೇಬೆನ್ನೂರಿನ ಹುಡುಗರು ಕೇಳುತ್ತಾರೆ. ಚೌಡದಾನಪುರ, ಗಳಗನಾಥದ ಕಡೆ ಹರಿಗೋಲಿನವರು ಒಂದೇ ಹುಟ್ಟಿನಲ್ಲಿ ಮಾಡುವ ಕೆಲಸಕ್ಕೆ ಇಂಜಿನ್ ಯಾಕ್ರೀ? ಬೇಕೇ ಬೇಕು ಅಂದರೆ ಬ್ಯಾಟರಿಯ ಸಣ್ಣ ಮೋಟಾರು ಸಾಕು. ಅದಕ್ಕೂ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ನದಿಯನ್ನೇ ನಂಬಿದವರ ಬಲೆ ಎಲ್ಲಿದೆ ಅಂತ ಕೇಳಿಕೊಂಡು ಇಳಿಯಿರಿ.

ಕಡಲಿಗೆ ಹೋಗುವ ದಿನ, ಎಷ್ಟು ಮಂದಿ, ಯಾವ ದಿಕ್ಕು, ಅಸರ್ ಒಳಗೋ ಮಗ್ರಿಬ್ ಒಳಗೋ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಹೊತ್ತು ಮೀರಿದರೆ ಮನೆಯವರು ಕರೆ ಮಾಡಬೇಕಾದ ನಂಬರುಗಳು ಎರಡು: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.