ಶೇಂಗಾ ಗಿಡದೊಳಗೆ ಬೊಲಿವಿಯಾ!

ಚಳ್ಳಕೆರೆಯ ಕೆಂಪು ಹೊಲದಲ್ಲಿ ಒಂದು ಶೇಂಗಾ ಗಿಡ ಕಿತ್ತು ನೋಡಿ. ಹೂವು ಮೇಲೆ, ಕಾಯಿ ಮಣ್ಣೊಳಗೆ! ಬಾಡಿದ ಹೂವಿನ ಬುಡದಿಂದ ಊಡು ಹೊರಟು, ಬಾಗಿ, ನೆಲ ಹೊಕ್ಕು, ಕತ್ತಲಲ್ಲಿ ಕಾಯಿ ಕಟ್ಟುತ್ತದೆ. ಊಡು ಇಳಿಯೋ ಹೊತ್ತಿಗೆ ಮಳೆ ಬೀಳಲಿ ಅಂತ ಮುಗಿಲು ನೋಡುವ ರೈತರಿಗೆ ಇದೇನೂ ಹೊಸದಲ್ಲ. ಹೊಸದು ಇರುವುದು ಜೀವಕೋಶದೊಳಗೆ.

ಶೇಂಗಾದ ಎರಡು ಕಾಡು ಪೂರ್ವಜರ ಜೀನೋಮನ್ನು, ಅಂದರೆ ಇಡೀ ಡಿಎನ್‌ಎ ಬರಹವನ್ನು, ವಿಜ್ಞಾನಿಗಳು ಓದಿ ಮುಗಿಸಿದ್ದು 2016ರಲ್ಲಿ. ನಾವು ಬೆಳೆಯುವ ಶೇಂಗಾದ್ದು 2019ರಲ್ಲಿ. ಒಂದು ಕಾಡುಗಿಡದ 20 ಕ್ರೋಮೋಸೋಮು, ಇನ್ನೊಂದರ 20, ಎರಡೂ ಸೇರಿ 40. ಒಂದೇ ಗಿಡದೊಳಗೆ ಎರಡು ಗಿಡ! ಆ ಬೆಸುಗೆಯಾಗಿ ಸುಮಾರು 10,000 ವರ್ಷ. ಆದರೂ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಸಿಕ್ಕ, ಆ ಎರಡರಲ್ಲೊಂದಾದ ಕಾಡು ಶೇಂಗಾದ ಡಿಎನ್‌ಎಗೂ ನಮ್ಮ ಶೇಂಗಾದ ಅರ್ಧ ಭಾಗಕ್ಕೂ ಶೇ 99.96ರಷ್ಟು ಹೋಲಿಕೆ! ನೆಲದಡಿ ಹುಟ್ಟುವ ಈ ಬೀಜ ಗಾಳಿಗೆ ಹಾರುವಂಥದ್ದಲ್ಲ. ಹಾಗಾದರೆ ದೂರದೂರದ ಆ ಎರಡು ಗಿಡ ಕೂಡಿದ್ದು ಹೇಗೆ? ಆ ಕಾಲದ ಯಾರೋ ಒಂದರ ಬೀಜವನ್ನು ಗಂಟಿನಲ್ಲಿ ಕಟ್ಟಿಕೊಂಡು ನಡೆದಿರಬೇಕು ಎಂಬುದು ವಿಜ್ಞಾನಿಗಳ ಊಹೆ.

ಅಷ್ಟು ದೂರದ ಬೆಳೆ ಇಲ್ಲಿಗೆ ಬಂದದ್ದು ತಡವಾಗಿ. ಚಳ್ಳಕೆರೆಯ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿದ ಕಾಲಕ್ಕೆ ಈ ಸೀಮೆಯಲ್ಲಿ ಒಂದು ಶೇಂಗಾ ಬೀಜವೂ ಇರಲಿಲ್ಲ. ಈಗ ನೋಡಿದರೆ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು!

ಇಲ್ಲಿನ ಹಳೆಯ ನೆಚ್ಚಿನ ತಳಿ ಟಿಎಂವಿ-2ಕ್ಕೆ ಎಲೆಚುಕ್ಕೆ ರೋಗವೂ ತುಕ್ಕು ರೋಗವೂ ಬಹಳ ಬೇಗ ತಗಲುತ್ತವೆ. ಮದ್ದು ಸಿಕ್ಕಿದ್ದು ಮತ್ತೆ ಕಾಡು ಶೇಂಗಾದಲ್ಲೇ. ಬೊಲಿವಿಯಾದ್ದೇ ಇನ್ನೊಂದು ಕಾಡು ಶೇಂಗಾವನ್ನು 1960ರ ದಶಕದಲ್ಲಿ ಅಮೆರಿಕದಲ್ಲಿ ಹೊಲದ ಶೇಂಗಾದೊಡನೆ ಕೂಡಿಸಿದ್ದರು. ಅದರ ಪೀಳಿಗೆಯ ಬೀಜ ಕೈಯಿಂದ ಕೈಗೆ ದಾಟಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಯ ಮೈ ಸೇರಿತು. ರೋಗ ತಡೆಯುವ ಬಲ ಬಂದದ್ದು ಅಲ್ಲಿಂದ. ಆ ಒಂದೇ ಕಾಡುಗಿಡದ ತುಣುಕುಗಳು ಏಷ್ಯಾ, ಆಫ್ರಿಕಾ, ಅಮೆರಿಕದ ಹೊಲಗಳಿಗೆಲ್ಲ ಹಬ್ಬಿವೆ ಎಂದು 2021ರಲ್ಲಿ ಡಿಎನ್‌ಎಯೇ ಬಾಯಿಬಿಟ್ಟಿತು!

ಮೊದಲೆಲ್ಲ ಹೊಸ ತಳಿಯ ತಾಕತ್ತು ತಿಳಿಯಬೇಕೆಂದರೆ ರೋಗ ಬರುವವರೆಗೂ ಕಾಯಬೇಕಿತ್ತು. ಈಗ ಎಳೆಯ ಸಸಿಯ ಒಂದು ಚೂರು ಎಲೆ ಸಾಕು. ಡಿಎನ್‌ಎ ಗುರುತು ಹುಡುಕಿ, ಬೇಕಾದ ತುಣುಕು ಇದೆಯೋ ಇಲ್ಲವೋ ಎಂದು ಅಲ್ಲೇ ಹೇಳಿಬಿಡುತ್ತಾರೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯವರು ಇದೇ ದಾರಿಯಲ್ಲಿ ಜಿಪಿಬಿಡಿ-4ರ ತುಕ್ಕು ತಡೆಯುವ ತುಣುಕನ್ನು ಟಿಎಜಿ-24ರಂಥ ತಳಿಗಳಿಗೆ ದಾಟಿಸಿದರು. ಎಲೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಊಡು ಇಳಿಯುವುದಿರಲಿ, ಸಸಿ ಇನ್ನೂ ಹೂವೇ ಬಿಟ್ಟಿರುವುದಿಲ್ಲ!